ಹಿಮದ ಮನೆಯ ಬಾಗಿಲು

ಈಗ ನನ್ನದೇ ಹೋಟೆಲಿನಲ್ಲಿ ಯಂತ್ರ ಉದ್ದು ರುಬ್ಬುತ್ತದೆ. ಆ ವಾಸನೆ ಬಂದರೆ ಹಿಮದ ಮನೆಯೊಂದು ಕಣ್ಣಿಗೆ ಕಟ್ಟುತ್ತದೆ.

ಆಗ ಮದರಾಸಿನ ಸೌಕಾರ್‌ಪೇಟೆಯ ಹೋಟೆಲೊಂದರಲ್ಲಿ ಅಪ್ಪಯ್ಯ ಅಡುಗೆ ಭಟ್ಟರು. ನನ್ನನ್ನು ಶಾಲೆ ಬಿಡಿಸಿ ರುಬ್ಬುವ ಕಲ್ಲಿನ ಮುಂದೆ ಕೂರಿಸಿದ್ದರು. ಶಾಲೆಯ ಮೇಷ್ಟ್ರು ಮಾತ್ರ ನನ್ನನ್ನು ಬಿಡಲಿಲ್ಲ. ದೇಶದೇಶದ ಮಕ್ಕಳ ಬದುಕಿನ ಪುಸ್ತಕವೊಂದನ್ನು ಒಂದು ದಿನ ಬೆಳಿಗ್ಗೆ ತಂದುಕೊಟ್ಟರು.

"ಓದಿಡು. ಸಂಜೆ ಕಾಫಿಗೆ ಬಂದಾಗ ಕೇಳ್ತೇನೆ. ಚೆನ್ನಾಗಿ ಹೇಳಿದ್ರೆ ನಿನ್ನಪ್ಪನ ಹತ್ರ ಮಾತಾಡ್ತೇನೆ" ಎಂದರು.

ಪುಸ್ತಕ ಬಿಡಿಸಿ ಗೋಡೆಗೆ ಒರಗಿಸಿಟ್ಟು ರುಬ್ಬತೊಡಗಿದೆ. ಒಂದು ಕೈ ಗುಂಡುಕಲ್ಲು ತಿರುಗಿಸಬೇಕು, ಇನ್ನೊಂದು ಹಿಟ್ಟು ತಳ್ಳಬೇಕು. ನಡುವೆ ನಿಲ್ಲಿಸಿದರೆ ಹಿಟ್ಟು ಉಬ್ಬದು ಎಂಬುದು ಅಪ್ಪಯ್ಯನ ಶಾಸ್ತ್ರ. ಪುಟ ತಿರುವಲು ಕೈಯೇ ಇರಲಿಲ್ಲ. ತೆರೆದಿದ್ದ ಪುಟದ ಚಿತ್ರದಲ್ಲಿ ಹುಡುಗನೊಬ್ಬ ಹಿಮದ ಮನೆಯ ಬಾಗಿಲಲ್ಲಿ ಬಗ್ಗಿದ್ದ. ಒಲೆಯ ಹೊಗೆಯಲ್ಲಿ ಬೆವರುತ್ತ ಮಧ್ಯಾಹ್ನವೆಲ್ಲ ಅದೊಂದೇ ಪುಟ ಓದಿದೆ.

"ಎಂತದಾ ಅದು?" ಎಂದರು ಅಪ್ಪಯ್ಯ.

"ಹಿಮದಲ್ಲೇ ಮನೆ ಕಟ್ತಾರಂತೆ ಅಪ್ಪಯ್ಯ."

"ಅಲ್ಲಿ ಇಡ್ಲಿ ಹಿಟ್ಟು ಹುಳಿ ಬರುದಿಲ್ಲ ಮಾರಾಯ. ಕೈ ಆಡಿಸು!"

ಸಂಜೆ ಮೇಷ್ಟ್ರು ಕೇಳಿದಾಗ ಆ ಪುಟವನ್ನು ತಡವರಿಸದೆ ಒಪ್ಪಿಸಿದೆ.

"ಭಟ್ರೇ, ಇಂಥ ಹುಡುಗನನ್ನು..." ಎಂದು ಅವರು ಶುರು ಮಾಡಿದರು.

ಅಪ್ಪಯ್ಯನ ಮುಖ ಅರಳಿತ್ತು. "ನೋಡಿ ಸಾರ್, ರುಬ್ಬುತ್ತಲೇ ಕಲಿತ! ಇನ್ನು ಶಾಲೆ ಎಂತಕ್ಕೆ?" ಎಂದವರೇ, ಪುಸ್ತಕಕ್ಕೆ ಸಿಡಿದಿದ್ದ ಹಿಟ್ಟನ್ನು ಹೆಗಲ ಬೈರಾಸಿನಿಂದ ಜೋಪಾನವಾಗಿ ಒರೆಸಿ, ಪುಸ್ತಕ ಮಡಚಿ, ಮೇಷ್ಟ್ರ ಕೈಗಿಟ್ಟರು.

ಆ ಹುಡುಗ ಒಳಗೆ ಹೋಗುತ್ತಿದ್ದನೋ, ಹೊರಗೆ ಬರುತ್ತಿದ್ದನೋ, ಅದು ಮುಂದಿನ ಪುಟದಲ್ಲಿತ್ತು.