ಮಡಚಿಟ್ಟ ಬಾವಿ

ಸುಳ್ಳಾಡಿದರೆ ನನ್ನ ಬಾಯಿಗೆ ರೊಟ್ಟಿ ರುಚಿಸದಿರಲಿ, ಇದು ನಡೆದದ್ದೇ. ನಮ್ಮೂರಲ್ಲಿ ಬಟ್ಟೆ ಹರಿದರೆ ಸಾಕು, ಅದರ ಹತ್ತಿ ಬೆಳೆಯಲು, ನೂಲು ನೇಯಲು ಖರ್ಚಾದ ನೀರೆಲ್ಲ ಹೊರಗೆ ಸುರಿಯುತ್ತದೆ.

ಮೊಮ್ಮಗಳು ಹುಟ್ಟಿದ ದಿನ ನಳದಲ್ಲಿ ನೀರು ಬಂದಿರಲಿಲ್ಲ. ಕೂಸಿಗೆ ಎರೆಯಲು ಒಂದು ಚರಿಗೆ ನೀರೂ ಇಲ್ಲ. ನೈಲಾನ್ ಚೀಲ ಹರಿದೆ, ಬೊಗಸೆಯೂ ತುಂಬಲಿಲ್ಲ.

"ಅದರಾಗೇನೈತ್ರಿ? ನಿಮ್ಮ ಮದುವಿ ಅಂಗಿ ಅಚ್ಚ ಹತ್ತೀದು, ಅದನ್ನ ತಗೀರಿ," ಎಂದಳು ಹೆಂಡತಿ ಶಂಕ್ರವ್ವ.

"ಲೇ, ಅದನ್ನ ಸತ್ತಾಗ ಹಾಕ್ಕೊಂಡು ಹೋಗಾಕ ಇಟ್ಟೀನಿ!"

"ಹೋಗೋರು ಬರಿಮೈಲೆ ಹೋಗ್ರಿ. ಈಗ ಬಂದಾಕಿಗೆ ನೀರ ಬೇಕು."

ಕಣ್ಣು ಮುಚ್ಚಿ ಹರಿದೆ. ಎರೆಮಣ್ಣಿನ ವಾಸನೆಯ ನೀರು ಬಚ್ಚಲು ತುಂಬಿ, ಓಣಿಯವರ ಕೊಡಗಳನ್ನೂ ತುಂಬಿತು. ಕೂಸು ಮಿಂದು ನಿದ್ದೆ ಹೋಯಿತು. ಯಾರದೋ ಊರಿನ ಬಾವಿಯನ್ನು ನಲವತ್ತು ವರ್ಷ ಟ್ರಂಕಿನಲ್ಲಿ ಮಡಚಿಟ್ಟಿದ್ದೆನಲ್ಲ!

ನಿಮ್ಮ ಅಂಗಿ ಅಚ್ಚ ಹತ್ತಿಯದು ತಾನೆ? ಬಿಚ್ಚಿ ಕೊಡಿ. ನಮ್ಮ ಓಣಿಗೆ ಇವತ್ತೂ ನೀರು ಬಂದಿಲ್ಲ.