ಸಣ್ಣ ಗಾಯದ ದೊಡ್ಡ ಆಪರೇಶನ್

ಮನೆಯಲ್ಲಿ ಯಾರಾದರೂ ಆಪರೇಶನ್ ಮುಗಿಸಿ ಬಂದಿದ್ದರೆ, ಇದನ್ನು ಅವರ ಪಕ್ಕ ಕೂತು ಓದಿ...

ದಾವಣಗೆರೆಯ ಬಟ್ಟೆ ವ್ಯಾಪಾರಿ ಪಂಚಾಕ್ಷರಪ್ಪನವರ ಹೆಂಡತಿ ವಿಶಾಲಮ್ಮನವರಿಗೆ ಲಿವರ್‌ನಲ್ಲಿ ಗಡ್ಡೆ ಕಾಣಿಸಿಕೊಂಡಿತು.

ಲಿವರ್‌ನ ಒಂದು ಭಾಗವನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಪಂಚಾಕ್ಷರಪ್ಪನವರು ಹೆದರಿಹೋದರು.

ಆದರೆ ಡಾಕ್ಟರು ಹೊಟ್ಟೆ ಅಗಲಕ್ಕೂ ಕೊಯ್ಯಲಿಲ್ಲ... ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಲ್ಯಾಪರೋಸ್ಕೋಪಿಯಲ್ಲೇ ಮುಗಿಸಿದರು.

ನಾಲ್ಕೈದು ಪುಟ್ಟ ಬ್ಯಾಂಡೇಜು, ಕತ್ತರಿಸಿದ ಭಾಗವನ್ನು ಹೊರತೆಗೆಯಲು ಕಿಬ್ಬೊಟ್ಟೆಯಲ್ಲಿ ಬೆರಳುದ್ದದ ಒಂದು ಗಾಯ... ಅಷ್ಟೇ.

ಅದನ್ನು ನೋಡಿದ್ದೇ ಪಂಚಾಕ್ಷರಪ್ಪನವರ ಹೆದರಿಕೆ ಇಳಿಯಿತು. ಅದರ ಜೊತೆಗೇ ಕಾಳಜಿಯೂ...

"ಏನಿಲ್ಲ ಬಿಡ್ರಿ, ಸಣ್ಣ ಗಾಯ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ವಿಶಾಲಮ್ಮ ಮನೆಗೆ ಬಂದು ಎರಡು ವಾರವಾಗಿತ್ತು. ಆ ಭಾನುವಾರ ತಮ್ಮ ಅಕ್ಕನ ಮನೆಯವರನ್ನೆಲ್ಲ ಊಟಕ್ಕೆ ಕರೆದರು. ರೊಟ್ಟಿ ಬಡಿಯುತ್ತಿದ್ದ ವಿಶಾಲಮ್ಮ ಅಡುಗೆಮನೆಯಲ್ಲೇ ಕುಸಿದು ಕೂತರು.

"ರೀ... ಒಳಗೆ ಒಂಥರಾ ಎಳೆದಂಗಾಗ್ತೈತೆ. ಕೈಲಾಗ್ತಿಲ್ಲ."

"ಗಾಯ ಒಣಗೈತಲ್ಲ? ನೆಂಟ್ರ ಮುಂದೆ ಮುಖ ಸಣ್ಣ ಮಾಡ್ಕೋಬೇಡ."

ವಿಶಾಲಮ್ಮ ಗೋಡೆ ಹಿಡಿದು ಎದ್ದರು. ಉಳಿದ ಹಿಟ್ಟನ್ನೂ ರೊಟ್ಟಿ ಮಾಡಿದರು.

ಮುಂದಿನ ವಾರ ಚೆಕಪ್. ಡಾಕ್ಟರು ಆಪರೇಶನ್ನಿನ ವಿಡಿಯೋ ಹಾಕಿ ಸ್ಕ್ರೀನನ್ನು ಇವರ ಕಡೆ ತಿರುಗಿಸಿದರು.

ಒಳಗೆ ಕತ್ತರಿಸಿದ್ದನ್ನು ನೋಡುತ್ತಾ ಪಂಚಾಕ್ಷರಪ್ಪ ಟೇಬಲ್ಲಿನ ಅಂಚು ಹಿಡಿದುಕೊಂಡರು.

"ಲಿವರ್‌ನ ಎಡಭಾಗ ಪೂರ್ತಿ ತೆಗೆದಿದ್ದೀವಿ. ಹೊರಗಿನ ಗಾಯ ಸಣ್ಣದು, ಒಳಗಿನ ಆಪರೇಶನ್ ದೊಡ್ಡದೇ. ಉಳಿದ ಲಿವರ್ ಈಗ ಬೆಳೀತಿದೆ, ಸುಸ್ತು ಇದ್ದೇ ಇರುತ್ತೆ. ಮನೇಲಿ ರೆಸ್ಟ್ ಸಿಗ್ತಿದೆಯಾ ಅಮ್ಮಾ?"

"ಸಿಗ್ತೈತೆ ಡಾಕ್ಟ್ರೇ," ಎಂದರು ವಿಶಾಲಮ್ಮ. "ಇವ್ರು ಒಂದು ಲೋಟ ಎತ್ತಾಕೂ ಬಿಡಲ್ಲ."

ಆಕೆ ಎಲ್ಲರೆದುರು ಬೈದಿದ್ದರೂ ಪಂಚಾಕ್ಷರಪ್ಪ ತಡೆದುಕೊಳ್ಳುತ್ತಿದ್ದರು... ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ಇಲ್ಲ ಸರ್... ನನ್ನ ಮರ್ಯಾದೆ ಉಳಿಸಾಕೆ ಹಂಗಂತಾಳೆ. ಮನೆ ತುಂಬ ನೆಂಟ್ರನ್ನ ಕರೆಸಿ ಇವಳ ಕೈಲೇ ಅಡುಗೆ ಮಾಡಿಸೀನಿ. ನೋವು ಅಂದ್ರೂ ಕೇಳ್ಲಿಲ್ಲ."

ಡಾಕ್ಟರು ನೀರಿನ ಬಾಟಲಿಯನ್ನು ಅವರ ಮುಂದೆ ಸರಿಸಿದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಪಂಚಾಕ್ಷರಪ್ಪ ಕೇಳಿದರು. "ಅಷ್ಟು ನೋವಿದ್ರೆ ಗಟ್ಟಿಯಾಗಿ ಹೇಳಬಾರದಿತ್ತಾ ವಿಶಾಲಾ?"

"ಹೇಳಿದ್ನಲ್ರೀ... ನೀವು ಗಾಯ ನೋಡಿದ್ರಿ. ನನ್ನ ಮುಖ ನೋಡ್ಲಿಲ್ಲ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

ಪಂಚಾಕ್ಷರಪ್ಪ ಆಗ ನೋಡಿದರು... ಕೆನ್ನೆ ಇಳಿದುಹೋಗಿತ್ತು, ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಎಷ್ಟು ದಿನದಿಂದ ಹೀಗಿತ್ತೋ, ಒಂದೇ ಮನೆಯಲ್ಲಿದ್ದೂ ಅವರಿಗೆ ಗೊತ್ತಿರಲಿಲ್ಲ.

ಗಾಯ ಒಣಗಿದ್ದು ಕಣ್ಣಿಗೆ ಕಾಣುತ್ತದೆ... ನೋವು ಹೋಗಿದೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು.

ನಿಮ್ಮ ಮನೆಯಲ್ಲಿ "ನನಗೇನಾಗಿದೆ, ಚೆನ್ನಾಗಿದ್ದೀನಿ" ಎನ್ನುವವರ ಮುಖವನ್ನು ನೀವು ಸರಿಯಾಗಿ ನೋಡಿ ಎಷ್ಟು ದಿನವಾಯಿತು?