ಕುದುರೆ ಮೊಟ್ಟೆ ಇಟ್ಟಿತು

“ಅದರೊಳಗೆ ಏನಾದ್ರೂ ಹುಚ್ಚುಚ್ಚಾಗಿ ಬರೆದುಬಿಡಮ್ಮ,” ಅಂದರು ಆಫೀಸಿನಲ್ಲಿ ಪಕ್ಕದ ಸೀಟಿನ ಹಿರಿಯರು. “ಸರ್ವರ್ ಈ ಫೈಲನ್ನ ಓದ್ತಾ ಇದ್ರೆ ಶುರುವಾಗೋಕೇ ಒಪ್ಪಲ್ಲ. ತಪ್ಪಿದೆ ಅಂತ ಬೊಬ್ಬೆ ಹೊಡೆಯುತ್ತೆ.”

ಬೆಳಗಿನಿಂದ ಅವಳು ತಿದ್ದುತ್ತಿದ್ದ ಸೆಟ್ಟಿಂಗ್ಸ್ ಫೈಲು ಅದು. ಎಷ್ಟು ತಿದ್ದಿದರೂ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ವೈದ್ಯರ ಹೆಸರು ಬರಬೇಕಾದ ಜಾಗದಲ್ಲಿ ಕಂಪ್ಯೂಟರ್ ಕೋಡಿನ ಸಾಲುಗಳೇ ಹಸಿಹಸಿಯಾಗಿ ಬಂದು ಬೀಳುತ್ತಿದ್ದವು. ರೋಗಿಗಳ ಕಡೆಯವರು ಫೋನ್ ಮಾಡಿ ಬೈಯುತ್ತಲೇ ಇದ್ದರು. ‘ಕುದುರೆ ಮೊಟ್ಟೆ ಇಟ್ಟಿತು’ ಎಂದು ಫೈಲಿನ ನಟ್ಟನಡುವೆ ಬರೆದು, ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು. ಅದು ಚಕಾರವೆತ್ತದೆ ಶುರುವಾಯಿತು.

“ನೋಡಿದ್ಯಾ? ಇದನ್ನ ಅದು ಓದ್ತಾನೇ ಇಲ್ಲ. ಇಷ್ಟೊತ್ತೂ ಗೋಡೆ ಜೊತೆ ಮಾತಾಡಿದ ಹಾಗಾಯ್ತು. ಓದೋ ಫೈಲು ಬೇರೆಲ್ಲೋ ಇದೆ, ಹುಡುಕೋಣ,” ಎಂದು ಅವರು ಟೀ ತರಲು ಎದ್ದರು.

ಅವಳು ಮನೆಗೆ ಫೋನ್ ಮಾಡಿದಳು. ಗಂಡ ಎತ್ತಿದ; ಹಿಂದೆ ಟಿವಿ ಜೋರಾಗಿತ್ತು. “ರೀ, ನಾಳೆ ಎದೆಯಲ್ಲಿರೋ ಆ ಗಂಟು ತೋರಿಸೋಕೆ ಡಾಕ್ಟರ ಹತ್ರ ಹೋಗಬೇಕು. ಒಬ್ಬಳೇ ಹೋಗೋಕೆ ಭಯ ಆಗುತ್ತೆ, ನೀವೂ ಬನ್ನಿ ಅಂತ ಆವತ್ತಿಂದ ಹೇಳ್ತಾನೇ ಇದ್ದೀನಿ.”

“ಹೂಂ, ನೋಡೋಣ.”

ಪರದೆಯ ಮೇಲೆ ಆ ಸಾಲು ಇನ್ನೂ ಹಾಗೇ ಇತ್ತು. ಅವಳು ಅದನ್ನೇ ದಿಟ್ಟಿಸಿದಳು. ಅವನು ಗದರಿದರೂ ಸಾಕು, ನಕ್ಕರೂ ಸಾಕು ಅಂದುಕೊಳ್ಳುತ್ತ, ದನಿ ಬದಲಿಸದೆ ಹೇಳಿದಳು.

“ರೀ, ಕುದುರೆ ಮೊಟ್ಟೆ ಇಟ್ಟಿತು.”

“ಹೂಂ, ಆಯ್ತು. ನೋಡೋಣ ಬಿಡು.”